ಎರಡನೆಯ ಭೇಟಿ

ಜ್ವರದಿಂದ ಮೈ ಸುಡುತ್ತಿರುವವನಿಗೆ ವೈದ್ಯರಲ್ಲಿಗೆ ಹೋಗೆಂದು ಯಾರೂ ಉಪದೇಶಿಸಬೇಕಾಗಿಲ್ಲ. ಜ್ವರವೇ ಅವನನ್ನು ಅತ್ತ ನೂಕುತ್ತದೆ. ಹಲ್ಲುನೋವು ಬಂದವನಂತೂ ನಡುರಾತ್ರಿಯಲ್ಲಾದರೂ ಎದ್ದು ಹೋಗಿ ವೈದ್ಯರ ಮನೆಯ ಬಾಗಿಲನ್ನು ತಟ್ಟಿಯಾನು. ಹೀಗೆ ನೋಡಿದರೆ ನೋವೆಂಬುದು ದಾರಿ ತೋರಿಸುವ ಕೈಮರ. ಆದರೆ ಈ ನಿಯಮಕ್ಕೆ ಹೊರತಾದ ಕಾಯಿಲೆಯೊಂದುಂಟು. ವೈದ್ಯರಲ್ಲಿಗೆ ಹೋಗಲು ಮನುಷ್ಯನಿಗೆ ಏನೇನು ಬೇಕೋ ಅದನ್ನೆಲ್ಲ ಆ ಕಾಯಿಲೆ ಮೊದಲೇ ಕಸಿದುಕೊಳ್ಳುತ್ತದೆ. ಹಾಸಿಗೆಯಿಂದ ಏಳುವ ಶಕ್ತಿ, ಗುಣವಾದೀತೆಂಬ ಭರವಸೆ, ತನ್ನ ಸಲುವಾಗಿ ನಾಲ್ಕು ಜನ ಶ್ರಮಪಡುವಷ್ಟು ಯೋಗ್ಯತೆ ತನಗುಂಟೆಂಬ ನಂಬಿಕೆ, ಇವೆಲ್ಲವೂ ಹೋದ ಮೇಲೆ ಉಳಿಯುವವನು ವೈದ್ಯರನ್ನು ಅರಸಿ ಹೋಗಬಲ್ಲನೆ? ಖಿನ್ನತೆಯೆಂದು ಕರೆಯುವುದು ಈ ಕಾಯಿಲೆಯನ್ನೇ.

ಖಿನ್ನತೆಯೆಂಬ ಮಾತನ್ನು ನಾವು ದಿನಬಳಕೆಯಲ್ಲಿ ತೀರ ಸಡಿಲವಾಗಿ ಬಳಸುತ್ತೇವೆ. ಪರೀಕ್ಷೆಯಲ್ಲಿ ಅಂಕಗಳು ಕಡಿಮೆಯಾದಾಗ ಆಗುವ ಬೇಸರವಾಗಲಿ, ಮನೆಯ ಹಿರಿಯರು ತೀರಿಹೋದಾಗ ಆಗುವ ದುಃಖವಾಗಲಿ ಖಿನ್ನತೆಯಲ್ಲ. ದುಃಖವು ಅಲೆಯಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಮನುಷ್ಯನು ನಗಲೂ ಬಲ್ಲನು. ವೈದ್ಯಶಾಸ್ತ್ರದಲ್ಲಿ ಖಿನ್ನತೆಯೆನ್ನಬೇಕಾದರೆ ಮನಸ್ಸಿನ ಮಂಕು, ಇಲ್ಲವೆ ಯಾವುದರಲ್ಲಿಯೂ ರುಚಿಯಿಲ್ಲದಿರುವ ಸ್ಥಿತಿ, ಕನಿಷ್ಠಪಕ್ಷ ಎರಡು ವಾರಗಳ ಕಾಲ ದಿನದ ಬಹುಭಾಗ ಇರಬೇಕು. ಅದರ ಜೊತೆಗೆ ನಿದ್ರೆ ಕೆಡುವುದು, ಹಸಿವು ಇಂಗುವುದು, ಆಯಾಸ, ಮನಸ್ಸು ಒಂದೆಡೆ ನಿಲ್ಲದಿರುವುದು, ತಾನು ನಿಷ್ಪ್ರಯೋಜಕನೆಂಬ ಭಾವನೆ, ಸಾವಿನ ಆಲೋಚನೆ ಮೊದಲಾದವುಗಳಲ್ಲಿ ಹಲವಾದರೂ ಕಾಣಿಸಿಕೊಳ್ಳಬೇಕು. ನಮ್ಮ ಹಳ್ಳಿಗಳಿಂದ ಬರುವ ರೋಗಿಗಳಲ್ಲಿ ಬಹುಮಂದಿ ಮನಸ್ಸಿನ ಮಾತನ್ನೇ ಎತ್ತುವುದಿಲ್ಲ. ಎದೆ ಭಾರ, ತಲೆಯಲ್ಲಿ ಉರಿ, ಕೈಕಾಲು ಸೋತಂತೆ ಎನ್ನುತ್ತಾರೆ. ಅವರು ಸುಳ್ಳಾಡುತ್ತಿಲ್ಲ. ಖಿನ್ನತೆಯು ದೇಹದಲ್ಲಿಯೂ ನೆಲೆಸುವ ಕಾಯಿಲೆ. ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾದಾಗಲೂ ಇದೇ ಲಕ್ಷಣಗಳು ತೋರಬಹುದಾದ್ದರಿಂದ ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ವಿವೇಕದ ಕೆಲಸ.

ಈ ಕಾಯಿಲೆಗೆ ಮದ್ದಿಲ್ಲವೆ? ಧಾರಾಳವಾಗಿ ಉಂಟು. ಔಷಧಗಳಿವೆ. ಮಾತಿನ ಮೂಲಕ ನಡೆಯುವ ಮನೋಚಿಕಿತ್ಸೆ ಇದೆ. ಸಾಧಾರಣ ಮಟ್ಟದ ಖಿನ್ನತೆಯಲ್ಲಿ ಮನೋಚಿಕಿತ್ಸೆಯೊಂದೇ ಸಾಕಾಗುವುದುಂಟು. ತೀವ್ರವಾದಾಗ ಎರಡೂ ಸೇರಿದರೆ ಹೆಚ್ಚು ಫಲ. ಹೀಗಿದ್ದರೂ 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದುದೇನು? (ಆ ಹನ್ನೆರಡರಲ್ಲಿ ನಮ್ಮ ರಾಜ್ಯ ಸೇರಿರಲಿಲ್ಲವೆಂಬುದು ಸ್ವಲ್ಪ ವಿಚಿತ್ರವೇ ಸರಿ.) ವಯಸ್ಕರಲ್ಲಿ ಸುಮಾರು 20 ಜನರಿಗೆ ಒಬ್ಬರು ಒಂದಲ್ಲ ಒಂದು ಕಾಲದಲ್ಲಿ ಖಿನ್ನತೆಗೆ ತುತ್ತಾದವರು; ಆ ಕಾಯಿಲೆಯಿದ್ದವರಲ್ಲಿ 100ಕ್ಕೆ ಸುಮಾರು 85 ಮಂದಿ ಚಿಕಿತ್ಸೆಯಿಲ್ಲದೆಯೇ ಇದ್ದವರು.

ಈ 85 ಎಂಬ ಸಂಖ್ಯೆಯನ್ನು ಕುರಿತು ಭಾಷಣಗಳು ಬೇಕಾದಷ್ಟು ನಡೆದಿವೆ. ಜನರಲ್ಲಿ ತಿಳಿವಳಿಕೆಯಿಲ್ಲ, ನಾಚಿಕೆ ಹೆಚ್ಚು, ಮನೋವೈದ್ಯರ ಸಂಖ್ಯೆ ಕಡಿಮೆ, ಎಲ್ಲವೂ ನಿಜ. ನಾನಿಲ್ಲಿ ಹೇಳಬೇಕೆಂದಿರುವುದು ಉಳಿದ 15 ಮಂದಿಯ ವಿಷಯ. ಅವರು ಹೇಗೋ ನಾಚಿಕೆಯನ್ನು ಗೆದ್ದು, ರಜೆ ಹಾಕಿ, ಬಸ್ಸು ಹಿಡಿದು, ಸಾಲಿನಲ್ಲಿ ನಿಂತು, ಚೀಟಿ ಮಾಡಿಸಿ, ಒಳಗೆ ಹೋಗಿ ಕುಳಿತವರು. ಅವರಲ್ಲಿ ಎಷ್ಟು ಮಂದಿ ಎರಡನೆಯ ಸಲ ಬರುತ್ತಾರೆ? ನಾಲ್ಕನೆಯ ಸಲ? ನಮ್ಮ ಆಸ್ಪತ್ರೆಗಳ ವರದಿಗಳಲ್ಲಿ ಬಂದವರ ಲೆಕ್ಕ ದಪ್ಪಕ್ಷರಗಳಲ್ಲಿ ಇರುತ್ತದೆ. ಬಂದು ಮರಳಿ ಬಾರದವರ ಲೆಕ್ಕವನ್ನು ಅಷ್ಟೇ ದಪ್ಪಕ್ಷರಗಳಲ್ಲಿ ನಾನು ಕಂಡಿಲ್ಲ.

ಹೊರದೇಶಗಳಲ್ಲಿ ಈ ಲೆಕ್ಕವನ್ನು ಹಾಕಿದವರುಂಟು. ಸ್ವಿಫ್ಟ್ ಮತ್ತು ಗ್ರೀನ್‌ಬರ್ಗ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಮನೋಚಿಕಿತ್ಸೆಯನ್ನು ಕುರಿತ 669 ಅಧ್ಯಯನಗಳನ್ನು ಒಟ್ಟುಗೂಡಿಸಿ, ಎಂಬತ್ತು ಸಾವಿರಕ್ಕೂ ಮಿಕ್ಕ ಜನರ ವಿವರಗಳನ್ನು ಸೋಸಿ, 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಲ್ಲ ಬಗೆಯ ತೊಂದರೆಗಳನ್ನೂ ಸೇರಿಸಿ ನೋಡಿದರೆ, ಸುಮಾರು ಐವರಲ್ಲಿ ಒಬ್ಬರು ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಬಿಡುತ್ತಾರೆ. ಚಿಕ್ಕ ವಯಸ್ಸಿನವರಲ್ಲಿ ಹೀಗೆ ಬಿಡುವವರು ಇನ್ನೂ ಹೆಚ್ಚು. ಈ ಮಾತನ್ನು ಓದುತ್ತಿರುವ ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಡಬೇಕು. ಅಧ್ಯಯನಗಳಲ್ಲಿ ರೋಗಿಗಳನ್ನು ಆರಿಸಿ, ಜತನದಿಂದ ನೋಡಿಕೊಳ್ಳುವ ವಾಡಿಕೆಯಿದೆ. ಸಾಮಾನ್ಯ ಚಿಕಿತ್ಸಾಲಯಗಳಲ್ಲಿ ಬಿಡುವವರ ಪ್ರಮಾಣ ಇದಕ್ಕಿಂತ ದೊಡ್ಡದೇ.

ನಡುವೆ ಬಿಟ್ಟರೆ ಆಗುವ ನಷ್ಟವೇನು? 1986ರಲ್ಲಿ ಹೊವಾರ್ಡ್ ಮತ್ತು ಅವರ ಸಂಗಡಿಗರು ಇಂಥ ಚಿಕಿತ್ಸೆಗಳ ದಾಖಲೆಗಳನ್ನು ಪರಿಶೀಲಿಸಿ, ವಾರಕ್ಕೊಂದರಂತೆ 8 ಭೇಟಿಗಳಾಗುವ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಲ್ಲಿ ಸುಧಾರಣೆ ಕಾಣುತ್ತದೆ ಎಂದು ಅಂದಾಜು ಮಾಡಿದರು. ಔಷಧದ ಲೆಕ್ಕವೂ ಹೆಚ್ಚು ಕಡಮೆ ಹಾಗೆಯೇ. ಖಿನ್ನತೆಗೆ ಕೊಡುವ ಗುಳಿಗೆಗಳು ತಲೆನೋವಿನ ಗುಳಿಗೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವವಲ್ಲ; ಗುಣ ತೋರಲು ಎರಡರಿಂದ ನಾಲ್ಕು ವಾರಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು. ದುರದೃಷ್ಟವೆಂದರೆ ಅವುಗಳ ಉಪದ್ರವಗಳು ಮಾತ್ರ ಮೊದಲ ವಾರದಲ್ಲಿಯೇ ಹಾಜರು: ಹೊಟ್ಟೆ ತೊಳಸುವುದು, ಬಾಯಿ ಒಣಗುವುದು, ನಿದ್ರೆಯ ಏರುಪೇರು. ಇವುಗಳಲ್ಲಿ ಹೆಚ್ಚಿನವು ಕ್ರಮೇಣ ತಗ್ಗುತ್ತವೆ. ಆದರೆ ಈ ಮಾತನ್ನು ಮೊದಲ ದಿನವೇ ಹೇಳದಿದ್ದರೆ ರೋಗಿ ಏನೆಂದುಕೊಂಡಾನು? "ಈ ಗುಳಿಗೆಯಿಂದ ಇದ್ದ ಕಷ್ಟ ಹೋಗಲಿಲ್ಲ, ಇಲ್ಲದ ಕಷ್ಟ ಬಂತು" ಎಂದುಕೊಂಡು ಚೀಟಿಯನ್ನು ಪೆಟ್ಟಿಗೆಯ ತಳಕ್ಕೆ ಸೇರಿಸುತ್ತಾನೆ. ಅವನ ತರ್ಕದಲ್ಲಿ ತಪ್ಪೇನೂ ಇಲ್ಲ. ಅವನಿಗೆ ಕೊಟ್ಟ ಮಾಹಿತಿ ಅಪೂರ್ಣ, ಅಷ್ಟೆ. ಹತ್ತು ನಿಮಿಷಗಳ ಭೇಟಿಯಲ್ಲಿ ಎರಡು ನಿಮಿಷಗಳನ್ನು ಇದಕ್ಕೆ ಮೀಸಲಿಟ್ಟ ವೈದ್ಯರು ತಮ್ಮ ಔಷಧಕ್ಕೆ ಬಲ ಕೊಟ್ಟಂತೆ. ಗುಣವಾಯಿತೆಂದು ಹಠಾತ್ತನೆ ಗುಳಿಗೆ ನಿಲ್ಲಿಸುವುದೂ ಅಪಾಯವೇ. ಚೇತರಿಸಿಕೊಂಡ ಮೇಲೆಯೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವಾಗ ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ನಿಲ್ಲಿಸಬೇಕು.

ಇನ್ನು ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ತಾಲ್ಲೂಕಿನ ಊರೊಂದರಿಂದ ಬಂದು ಜಿಲ್ಲಾ ಕೇಂದ್ರದ ಹಾಸ್ಟೆಲಿನಲ್ಲಿದ್ದಾಳೆ. ಆರು ವಾರಗಳಿಂದ ಬೆಳಗಿನ ನಾಲ್ಕಕ್ಕೇ ಎಚ್ಚರವಾಗುತ್ತದೆ. ಓದಿದುದು ತಲೆಗೆ ಹತ್ತುತ್ತಿಲ್ಲ. ಗೆಳತಿಯ ಒತ್ತಾಯಕ್ಕೆ ಒಮ್ಮೆ ಆಪ್ತಸಲಹೆಗಾರರನ್ನು ಕಂಡಳು. ಮಾತನಾಡಿದಾಗ ಸ್ವಲ್ಪ ಹಗುರವೆನಿಸಿತು. ಬರುವ ಮಂಗಳವಾರ ಬನ್ನಿ ಎಂದರು. ಮಂಗಳವಾರ ಬಂತು. ಏಳಲು ಮೈ ಬಗ್ಗಲಿಲ್ಲ. "ನನ್ನ ಕಥೆಯನ್ನು ಕೇಳಿ ಅವರಿಗೆ ಬೇಸರವಾಗಿರಬೇಕು, ನನಗಿಂತ ಕಷ್ಟದಲ್ಲಿರುವವರಿಗೆ ಆ ಸಮಯ ಸಲ್ಲಲಿ" ಎನಿಸಿತು. ಹೋಗಲಿಲ್ಲ. ಬುಧವಾರ ಅದರ ಮೇಲೆ ಇನ್ನೊಂದು ಹೊರೆ: "ಹೇಳಿದ ದಿನ ಹೋಗಲಿಲ್ಲ, ಇನ್ನು ಯಾವ ಮುಖವಿಟ್ಟುಕೊಂಡು ಹೋಗಲಿ?" ಅತ್ತ ಸಲಹೆಗಾರರು ಪುಸ್ತಕದಲ್ಲಿ 'ಗೈರುಹಾಜರು' ಎಂದು ಬರೆದು ಮುಂದಿನವರನ್ನು ಕರೆದರು. ಅಲ್ಲಿಗೆ ಕಥೆ ಮುಗಿಯಿತು.

ಇಲ್ಲಿ ತಪ್ಪು ಯಾರದು? ಆ ಹುಡುಗಿ ಬಾರದಿರಲು ಹೇಳಿಕೊಂಡ ಕಾರಣಗಳನ್ನು ಒಂದೊಂದಾಗಿ ನೋಡಿ. ಆಯಾಸ, ಯಾರಿಗೂ ಬೇಡವಾದವಳೆಂಬ ಭಾವನೆ, ಸಲ್ಲದ ಅಪರಾಧಪ್ರಜ್ಞೆ. ಇವು ಪಠ್ಯಪುಸ್ತಕಗಳಲ್ಲಿ ಖಿನ್ನತೆಯ ಲಕ್ಷಣಗಳೆಂದು ಕೊಟ್ಟಿರುವ ಪಟ್ಟಿಯೇ ಅಲ್ಲವೆ? ಕಾಲು ಮುರಿದವನು ಮಹಡಿ ಹತ್ತಿ ಬರಲಿಲ್ಲವೆಂದು ಯಾವ ಮೂಳೆವೈದ್ಯರೂ ಅವನ ಮೇಲೆ ಸಿಟ್ಟಾಗುವುದಿಲ್ಲ. ಖಿನ್ನತೆಯ ರೋಗಿ ತಪ್ಪಿಸಿದ ಭೇಟಿಯು ಅಶಿಸ್ತಲ್ಲ, ನಿರಾಸಕ್ತಿಯೂ ಅಲ್ಲ. ಬಹುಮಟ್ಟಿಗೆ ಅದು ರೋಗದ ಒಂದು ಚಿಹ್ನೆ. ಅದನ್ನು ಚಿಹ್ನೆಯೆಂದೇ ಓದಬೇಕು. ಆ ಮಂಗಳವಾರ ಸಂಜೆಯೊಳಗೆ ಒಂದು ದೂರವಾಣಿ ಕರೆ ಹೋಗಿದ್ದರೆ, "ಬಾರದಿದ್ದುದಕ್ಕೆ ಚಿಂತೆಯಿಲ್ಲ, ಗುರುವಾರ ನಿಮ್ಮ ಸಮಯ ಇಟ್ಟಿದ್ದೇನೆ" ಎಂಬ ಒಂದು ವಾಕ್ಯ ಅವಳ ಕಿವಿಗೆ ಬಿದ್ದಿದ್ದರೆ, ಬುಧವಾರದ ಹೊರೆ ಹುಟ್ಟುತ್ತಲೇ ಇರಲಿಲ್ಲ.

ಇದು ನನ್ನೊಬ್ಬನ ಹೊಸ ಶೋಧನೆಯೇನಲ್ಲ. ನಮ್ಮ ದೇಶ ಇದೇ ಪಾಠವನ್ನು ಬೇರೊಂದು ರೋಗದಿಂದ ಎಂದೋ ಕಲಿತಿದೆ. 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗದ ಚಿಕಿತ್ಸೆಯನ್ನು ಕುರಿತು ಪ್ರಸಿದ್ಧವಾದ ಪ್ರಯೋಗವೊಂದು ಆರಂಭವಾಯಿತು. ಮನೆಯಲ್ಲಿಯೇ ಇದ್ದು ಔಷಧ ತೆಗೆದುಕೊಂಡ ರೋಗಿಗಳು ಆರೋಗ್ಯಧಾಮದಲ್ಲಿ ಮಲಗಿದ್ದವರಷ್ಟೇ ಚೆನ್ನಾಗಿ ಗುಣವಾದರೆಂದು ಅದು ತೋರಿಸಿಕೊಟ್ಟಿತು. ಆದರೆ ಮನೆಯ ಚಿಕಿತ್ಸೆಗೆ ಒಂದು ಷರತ್ತಿತ್ತು: ತಿಂಗಳುಗಟ್ಟಲೆ ತಪ್ಪದೆ ಔಷಧ ನುಂಗಬೇಕು. ಕೆಮ್ಮು ನಿಂತೊಡನೆ ಜನ ಔಷಧವನ್ನೂ ನಿಲ್ಲಿಸುವುದು ಕಂಡುಬಂದಾಗ, ಮುಂದೆ ಇನ್ನೊಬ್ಬರ ಕಣ್ಣೆದುರಿಗೇ ಗುಳಿಗೆ ನುಂಗಿಸುವ ಪದ್ಧತಿ ಬೆಳೆದುಬಂತು. ತಪ್ಪಿಸಿದವನ ಮನೆಗೆ ಕಾರ್ಯಕರ್ತರು ಹೋಗುವುದು ಇಂದು ಕ್ಷಯ ನಿಯಂತ್ರಣದ ಸಾಮಾನ್ಯ ಕ್ರಮ. ಅದನ್ನು ಯಾರೂ ಬೆನ್ನಟ್ಟುವಿಕೆಯೆಂದು ಹಳಿಯುವುದಿಲ್ಲ.

ಇದಕ್ಕಿಂತಲೂ ಸ್ವಾರಸ್ಯವಾದುದು ನಮ್ಮ ತುಮಕೂರು ಜಿಲ್ಲೆಯಲ್ಲಿಯೇ ನಡೆದ ಅಧ್ಯಯನ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ಅದನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆದುದರಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆ ಕಾಲದ ಪಂಡಿತರ ನಂಬಿಕೆ. ಅವರು ಮನೆಮನೆಗೆ ಹೋಗಿ ವಿಚಾರಿಸಿದಾಗ ತಿಳಿದದ್ದು ಬೇರೆಯೇ. ಕ್ಷಯದ ಚಿಹ್ನೆಗಳಿದ್ದವರಲ್ಲಿ ಬಹುಮಂದಿಗೆ ತಮಗೇನೋ ಆಗಿದೆಯೆಂಬ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ವೈದ್ಯಶಾಲೆಗಳ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅವರಿಗೆ ದೊರೆತದ್ದು ಹೆಚ್ಚಾಗಿ ಒಂದು ಸೀಸೆ ಕೆಮ್ಮಿನ ಔಷಧ! ಜನ ಬಂದಿದ್ದರು, ವ್ಯವಸ್ಥೆಯೇ ಅವರನ್ನು ಕೈಬಿಟ್ಟಿತ್ತು. ಖಿನ್ನತೆಯ ವಿಷಯದಲ್ಲಿ "ಜನ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ" ಎಂದು ನಿಟ್ಟುಸಿರಿಡುವವರು ಈ ಹಳೆಯ ಪ್ರಬಂಧವನ್ನು ಒಮ್ಮೆ ತೆಗೆದು ಓದಬೇಕೆಂದು ನನ್ನ ಅರಿಕೆ. ಎದೆ ಭಾರವೆಂದು ಬಂದ ರೋಗಿಗೆ ಶಕ್ತಿಯ ಟಾನಿಕ್ಕು ಕೊಟ್ಟು ಕಳುಹಿಸುವುದು ಆ ಕೆಮ್ಮಿನ ಸೀಸೆಯ ಇನ್ನೊಂದು ಅವತಾರವೇ.

ರೋಗಿಯನ್ನು ಚಿಕಿತ್ಸೆಯಲ್ಲಿ ಹಿಡಿದು ನಿಲ್ಲಿಸುವ ಬಂಧ ಯಾವುದು? 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಎಂಬ ವಿದ್ವಾಂಸರು ಅದನ್ನು ಮೂರು ಎಳೆಗಳಾಗಿ ಬಿಡಿಸಿ ತೋರಿಸಿದರು. ಎಲ್ಲಿಗೆ ಹೋಗಬೇಕೆಂಬುದರಲ್ಲಿ ಇಬ್ಬರಿಗೂ ಒಮ್ಮತವಿರಬೇಕು. ಹೋಗುವ ದಾರಿಯಲ್ಲಿ ಮಾಡಬೇಕಾದ ಕೆಲಸಗಳಲ್ಲಿ ಒಮ್ಮತವಿರಬೇಕು. ಮತ್ತು ಇಬ್ಬರ ನಡುವೆ ವಿಶ್ವಾಸವಿರಬೇಕು. ಆ ಮೇಲೆ ನಡೆದಿರುವ ಅಧ್ಯಯನಗಳು ಈ ಬಂಧ ಗಟ್ಟಿಯಿದ್ದಲ್ಲಿ ರೋಗಿಗಳು ನಿಲ್ಲುತ್ತಾರೆ, ಸಡಿಲವಿದ್ದಲ್ಲಿ ಜಾರುತ್ತಾರೆ ಎಂಬುದನ್ನು ಮತ್ತೆ ಮತ್ತೆ ಕಂಡಿವೆ. ನಮ್ಮಲ್ಲಿ ಮೂರನೆಯ ಎಳೆಯನ್ನು ಕುರಿತೇ ಹೆಚ್ಚು ಮಾತು: ವೈದ್ಯರು ನಗುನಗುತ್ತ ಮಾತನಾಡಬೇಕು, ಇತ್ಯಾದಿ. ಅದು ಬೇಕು, ಸರಿ. ಆದರೆ ಮೊದಲನೆಯ ಎಳೆಯೇ ಕಡಿದಿರುವುದನ್ನು ಗಮನಿಸುವವರು ಕಡಿಮೆ. ತಾಯಿಯೊಬ್ಬಳಿಗೆ ಬೇಕಾಗಿರುವುದು ರಾತ್ರಿಯ ನಿದ್ರೆ ಮತ್ತು ಬೆಳಗ್ಗೆ ಮಕ್ಕಳಿಗೆ ಬುತ್ತಿ ಕಟ್ಟುವಷ್ಟು ಚೈತನ್ಯ. ಸಲಹೆಗಾರರು ಅವಳ ಬಾಲ್ಯದ ಕಥೆಯನ್ನು ಕೆದಕಲು ಹೊರಟರೆ ಅವಳು ಮುಂದಿನ ವಾರ ಏಕೆ ಬಂದಾಳು? ತನಗೆ ಇಷ್ಟವಾದ ಚಿಕಿತ್ಸೆ ದೊರೆತವರು, ಗುಳಿಗೆಯಾಗಲಿ ಮಾತಾಗಲಿ, ಬಿಟ್ಟುಹೋಗುವುದು ಕಡಿಮೆಯೆಂಬುದೂ ಅಧ್ಯಯನಗಳಿಂದ ತಿಳಿದಿದೆ. ಕೇಳುವುದಕ್ಕೆ ಕಾಸು ಬೇಕಾಗಿಲ್ಲ. ಆದರೂ "ನಿಮಗೆ ಯಾವುದು ಒಪ್ಪಿಗೆ?" ಎಂದು ಕೇಳುವ ಪದ್ಧತಿ ನಮ್ಮ ಹೊರರೋಗಿ ವಿಭಾಗಗಳಲ್ಲಿ ಇನ್ನೂ ಅಪರೂಪ.

ಗೋವೆಯಲ್ಲಿ ನಡೆದ ಒಂದು ಪ್ರಯೋಗ ಈ ದೃಷ್ಟಿಯಿಂದ ನಮಗೆ ಬಹಳ ಸಮೀಪದ್ದು. ವಿಕ್ರಮ್ ಪಟೇಲ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರತರದ ಖಿನ್ನತೆಯಿದ್ದ 495 ಮಂದಿಯನ್ನು ತೆಗೆದುಕೊಂಡು, ಅರ್ಧ ಜನರಿಗೆ ಎಂದಿನ ಆರೈಕೆಯನ್ನು ಉತ್ತಮಪಡಿಸಿ ಕೊಟ್ಟರು. ಉಳಿದರ್ಧಕ್ಕೆ ಅದರೊಡನೆ ಆರರಿಂದ ಎಂಟು ಭೇಟಿಗಳ ಮಾತಿನ ಚಿಕಿತ್ಸೆಯನ್ನೂ ಸೇರಿಸಿದರು. ಆ ಚಿಕಿತ್ಸೆ ಕೊಟ್ಟವರು ಮನೋವೈದ್ಯರಲ್ಲ. ತರಬೇತು ಪಡೆದ ಸ್ಥಳೀಯರು. ಚಿಕಿತ್ಸೆಯ ತಿರುಳು ತೀರ ಸರಳ. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡೋಣವೆಂದು ಕಾಯುತ್ತ ಕುಳಿತರೆ ಮನಸ್ಸು ಸರಿಯಾಗುವುದಿಲ್ಲ. ಸಣ್ಣ ಕೆಲಸವೊಂದನ್ನು ಮೊದಲು ಮಾಡಿದರೆ ಅದರ ಹಿಂದೆಯೇ ಮನಸ್ಸು ಸ್ವಲ್ಪ ಏಳುತ್ತದೆ. ಅಮೆರಿಕದಲ್ಲಿ ಪೀಟರ್ ಲ್ಯೂಯಿನ್ಸನ್ ಎಂಬವರು 1970ರ ದಶಕದಲ್ಲಿ ಬೆಳೆಸಿದ ತತ್ವವಿದು. ಹಿತ್ತಲಿಗೆ ಹೋಗಿ ಗಿಡಕ್ಕೆ ನೀರು ಹಾಕುವುದು, ಬಿಟ್ಟುಹೋಗಿದ್ದ ಗೆಳೆಯನಿಗೆ ಒಂದು ಮಾತು ಹೇಳುವುದು, ಇಂಥವನ್ನು ವಾರವಾರ ಗೊತ್ತುಮಾಡಿಕೊಂಡು ನಡೆಸುವುದೇ ಚಿಕಿತ್ಸೆ. ರೋಗಿ ಕೇಂದ್ರಕ್ಕೆ ಬರಲಾರದಿದ್ದರೆ ಸಲಹೆಗಾರರೇ ಮನೆಗೆ ಹೋಗುತ್ತಿದ್ದರು. ಮೂರು ತಿಂಗಳ ಬಳಿಕ ಎಣಿಸಿದಾಗ ಎಂದಿನ ಆರೈಕೆಯಷ್ಟೇ ದೊರೆತವರಲ್ಲಿ 100ಕ್ಕೆ 39 ಮಂದಿ ಖಿನ್ನತೆಯಿಂದ ಹೊರಬಂದಿದ್ದರೆ, ಮಾತಿನ ಚಿಕಿತ್ಸೆಯೂ ದೊರೆತವರಲ್ಲಿ 64 ಮಂದಿ ಹೊರಬಂದಿದ್ದರು. ಮನೆಯ ಹೊಸ್ತಿಲವರೆಗೆ ಹೋಗುವುದನ್ನು ಚಿಕಿತ್ಸೆಯ ಅಂಗವೆಂದೇ ಭಾವಿಸಿದ್ದರಲ್ಲ, ನನಗೆ ಮೆಚ್ಚಿಗೆಯಾದದ್ದು ಅದು.

ಆಫ್ರಿಕದ ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರು ಮಾಡಿದುದೂ ಇದೇ ಜಾತಿಗೆ ಸೇರಿದ್ದು. ಹರಾರೆ ನಗರದ ಚಿಕಿತ್ಸಾಲಯಗಳ ಹೊರಗೆ, ಮರದ ನೆರಳಿನಲ್ಲಿ ಒಂದು ಬೆಂಚು. ಬೆಂಚಿನ ಮೇಲೆ ತರಬೇತಾದ ಒಬ್ಬ ಅಜ್ಜಿ. ಆರಂಭದಲ್ಲಿ ಅದಕ್ಕೆ 'ಮಾನಸಿಕ ಆರೋಗ್ಯದ ಬೆಂಚು' ಎಂದು ಹೆಸರಿಟ್ಟಾಗ ಕುಳಿತುಕೊಳ್ಳಲು ಯಾರೂ ಮುಂದೆ ಬರಲಿಲ್ಲವಂತೆ. 'ಗೆಳೆತನದ ಬೆಂಚು' ಎಂದು ಹೆಸರು ಬದಲಾಯಿಸಿದ ಮೇಲೆ ಜನ ಬಂದರು. ಅಲ್ಲಿಯ ಶೋನಾ ಭಾಷೆಯಲ್ಲಿ ಈ ಕಾಯಿಲೆಗೆ ಸಮೀಪವಾದ ಪದಕ್ಕೆ 'ಅತಿಯಾಗಿ ಯೋಚಿಸುವುದು' ಎಂದರ್ಥ. ನಮ್ಮ ಅಜ್ಜಿಯರು "ಸುಮ್ಮನೆ ಯೋಚನೆ ಹಚ್ಚಿಕೊಂಡಿದ್ದಾನೆ" ಎನ್ನುವುದಿಲ್ಲವೆ? ಅದೇ. 24 ಚಿಕಿತ್ಸಾಲಯಗಳಲ್ಲಿ 573 ಜನರನ್ನು ಕುರಿತು ನಡೆದ ಪರೀಕ್ಷೆಯ ಫಲವನ್ನು 2016ರಲ್ಲಿ ಪ್ರಕಟಿಸಿದರು. ಬೆಂಚಿಗೆ ಬಂದವರಲ್ಲಿ ಆರು ತಿಂಗಳ ಮೇಲೆ ಖಿನ್ನತೆಯ ಲಕ್ಷಣಗಳು ಗಮನಾರ್ಹವಾಗಿ ಕಡಿಮೆಯಾಗಿದ್ದವು. ಶಾಸ್ತ್ರಜ್ಞರು ಜನರ ಭಾಷೆಗೆ ಬಂದರೆ ಜನರು ಶಾಸ್ತ್ರಕ್ಕೆ ಬರುತ್ತಾರೆ.

ಮನೆಯವರನ್ನು ಹೊರಗಿಟ್ಟು ನಮ್ಮ ದೇಶದಲ್ಲಿ ಚಿಕಿತ್ಸೆ ನಿಲ್ಲಲಾರದೆಂಬುದನ್ನು ಬಹಳ ಹಿಂದೆಯೇ ಕಂಡುಕೊಂಡವರು ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿದ್ದ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆಗೆ ಬಂಧುಗಳನ್ನೂ ಇರಿಸಿಕೊಂಡರು. ಬಂಧುಗಳು ಕಾಯಿಲೆಯ ಸ್ವರೂಪವನ್ನು ಕಣ್ಣಾರೆ ಕಂಡು, ವೈದ್ಯರ ಮಾತನ್ನು ಕಿವಿಯಾರೆ ಕೇಳಿ, ಊರಿಗೆ ಹೋದ ಮೇಲೆ ಆರೈಕೆಯನ್ನು ಮುಂದುವರಿಸಿದರು. ಆ ಪದ್ಧತಿಯೇ ಮುಂದೆ ವೆಲ್ಲೂರಿನಲ್ಲಿ, ಬೆಂಗಳೂರಿನಲ್ಲಿ ಬೇರುಬಿಟ್ಟಿತು. ಆದರೆ ಎಲ್ಲ ಮನೆಗಳೂ ಒಂದೇ ಅಲ್ಲವೆಂಬ ಎಚ್ಚರಿಕೆಯನ್ನು ಇಲ್ಲಿ ಸೇರಿಸಲೇಬೇಕು. ಕೆಲವರ ಪಾಲಿಗೆ ನೋವಿನ ಮೂಲ ಮನೆಯೇ ಆಗಿರುತ್ತದೆ. ಯಾರನ್ನು ಜೊತೆಗೆ ಕರೆಯಬೇಕೆಂಬುದನ್ನು ರೋಗಿಯೇ ಆರಿಸಬೇಕು. ಹೇಳಿದ ಗುಟ್ಟು ಹೊರಹೋಗದೆಂಬ ಭರವಸೆ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಗೌಪ್ಯವನ್ನು ರೋಗಿಯ ಹಕ್ಕೆಂದೇ ಮಾಡಿದೆ.

ಇಷ್ಟನ್ನು ಕೇಳಿ ಕೆಲವರು ಆಕ್ಷೇಪಿಸುವುದುಂಟು: "ಗುಣವಾಗುವ ಇಚ್ಛೆ ಅವನಿಗೇ ಇಲ್ಲದಿದ್ದ ಮೇಲೆ ನಾವೇಕೆ ಹಿಂದೆ ಬೀಳಬೇಕು? ಸ್ವಾತಂತ್ರ್ಯವೆಂಬುದು ಬೇಡವೆ?" ಈ ಮಾತಿನಲ್ಲಿ ಅರ್ಧ ಸತ್ಯವಿದೆ. ವಯಸ್ಕನಾದವನು ಚಿಕಿತ್ಸೆ ಬೇಡವೆನ್ನಬಹುದು; ಈ ಸಲಹೆಗಾರರು ನನಗೆ ಹೊಂದುವುದಿಲ್ಲ, ಬೇರೆಯವರನ್ನು ನೋಡುತ್ತೇನೆ ಎನ್ನಬಹುದು, ಹಾಗೆನ್ನುವ ಧೈರ್ಯವನ್ನು ನಾವೇ ಅವನಿಗೆ ಕೊಡಬೇಕು. ಬಿಟ್ಟವರಲ್ಲಿ ಕೆಲವರು ಗುಣವಾದದ್ದರಿಂದಲೇ ಬಿಟ್ಟಿರುತ್ತಾರೆ, ಸಂತೋಷ. ಆದರೆ ಇಚ್ಛೆಯೆಂಬುದು ಇಲ್ಲವೇ ಉಂಟು, ಉಂಟೇ ಇಲ್ಲ ಎಂಬಂಥ ದೀಪದ ಗುಂಡಿಯಲ್ಲ. ಖಿನ್ನನಾದವನಲ್ಲಿ ಅದು ಬೂದಿ ಮುಚ್ಚಿದ ಕೆಂಡದಂತಿರುತ್ತದೆ. ಮೊದಲ ಸಲ ಬಂದಾಗ ಅದು ಇತ್ತು ತಾನೆ? ಕರೆ ಮಾಡಿ ವಿಚಾರಿಸುವುದರಿಂದ ಅವನ ಸ್ವಾತಂತ್ರ್ಯಕ್ಕೆ ಕುಂದಿಲ್ಲ; ಬೇಡವೆನ್ನಲು ಅವನಿಗೆ ಆಗಲೂ ಅವಕಾಶವಿದ್ದೇ ಇದೆ. ವಿಚಾರಿಸದೆ ಬಿಡುವುದನ್ನು ಸ್ವಾತಂತ್ರ್ಯಕ್ಕೆ ತೋರಿದ ಗೌರವವೆನ್ನುವುದು ಸೋಮಾರಿತನಕ್ಕೆ ತೊಡಿಸಿದ ಜರತಾರಿ ಅಂಗಿಯಷ್ಟೆ.

ಹಣದ ಮಾತನ್ನೂ ಆಡಬೇಕು. ದಿನಗೂಲಿಯವನಿಗೆ ಒಂದು ಭೇಟಿಯೆಂದರೆ ಬಸ್ಸಿನ ವೆಚ್ಚ ಮತ್ತು ಒಂದು ದಿನದ ಕೂಲಿ ಎರಡೂ ಹೋದಂತೆ. ಎಂಟು ಭೇಟಿಗಳೆಂದರೆ ಎಂಟು ಕೂಲಿ. ಅಂಥವನು ನಿಂತುಹೋದರೆ ಮನಶ್ಶಾಸ್ತ್ರದಲ್ಲಿ ಕಾರಣ ಹುಡುಕುವುದು ವ್ಯರ್ಥ. ಚಿಕಿತ್ಸೆ ಅವನ ಊರಿನ ಹತ್ತಿರಕ್ಕೆ ಬರಬೇಕು. ಜಿಲ್ಲೆಯ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆಯನ್ನು ಹರಡುವ ಪ್ರಯತ್ನ ದೇಶದಲ್ಲಿಯೇ ಮೊದಲು ರೂಪುಗೊಂಡದ್ದು ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಅದರ ಮಾದರಿಯ ಮೇಲೆಯೇ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಕಾರ್ಯಕ್ರಮವನ್ನು ಆರಂಭಿಸಿತು. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ 'ಮನೋಚೈತನ್ಯ' ಎಂಬ ಏರ್ಪಾಟು ನಮ್ಮ ರಾಜ್ಯದಲ್ಲಿ 2014ರಲ್ಲಿ ಮೊದಲಾಯಿತು. ಇವೆಲ್ಲ ಒಳ್ಳೆಯ ಬುನಾದಿ. ಇದರ ಮೇಲೆ ನಾನು ಕೇಳುವುದು ಹೊಸ ಕಟ್ಟಡವನ್ನಲ್ಲ. ಪ್ರತಿ ಕೇಂದ್ರದಲ್ಲಿ ಇನ್ನೊಂದು ಪುಸ್ತಕವಿರಲಿ: ಬರಬೇಕಾಗಿದ್ದು ಬಾರದವರ ಪುಸ್ತಕ. ಪ್ರತಿ ಹೆಸರಿನ ಮುಂದೆ, ಯಾರು ಯಾವಾಗ ವಿಚಾರಿಸಿದರು, ಏನು ಉತ್ತರ ಬಂತು ಎಂಬ ಎರಡು ಅಂಕಣಗಳು. ಒಪ್ಪಿಗೆ ಕೊಟ್ಟ ರೋಗಿಗಳ ಮಟ್ಟಿಗೆ ಆಶಾ ಕಾರ್ಯಕರ್ತೆಯರ ನೆರವು ಪಡೆಯಬಹುದು, ಆದರೆ ಅವರ ಹೆಗಲ ಮೇಲೆ ಆಗಲೇ ಇರುವ ಹೊರೆಯನ್ನು ನೆನೆದು, ಈ ಕೆಲಸಕ್ಕೆ ತಕ್ಕ ಸಂಭಾವನೆ ಕೊಟ್ಟು. ವರ್ಷದ ವರದಿಯಲ್ಲಿ ಬಂದವರ ಸಂಖ್ಯೆಯ ಪಕ್ಕದಲ್ಲಿಯೇ ನಾಲ್ಕನೆಯ ಭೇಟಿಗೆ ಬಂದವರ ಸಂಖ್ಯೆ ಅಚ್ಚಾಗಲಿ. ಅಚ್ಚಾದ ಸಂಖ್ಯೆಗೆ ಅಧಿಕಾರಿಗಳು ಹೆದರುತ್ತಾರೆ.

ಕಾಲೇಜುಗಳವರಿಗೂ ಒಂದು ಮಾತು. ಆಪ್ತಸಲಹೆಯ ಕೊಠಡಿಯನ್ನು ಪ್ರಾಂಶುಪಾಲರ ಕೊಠಡಿಯ ಪಕ್ಕದಲ್ಲಿ, ಎಲ್ಲರೂ ಶುಲ್ಕ ಕಟ್ಟಲು ನಿಲ್ಲುವ ಜಾಗದ ಎದುರಿಗೆ ಇಟ್ಟು, ವಿದ್ಯಾರ್ಥಿಗಳು ಬರುವುದಿಲ್ಲವೆಂದು ದೂರಿದರೆ ಪ್ರಯೋಜನವಿಲ್ಲ. ಗ್ರಂಥಾಲಯದ ಹಿಂಬದಿಯ ಒಂದು ಕೊಠಡಿ ಸಾಕು. ಹಾಜರಿಗೂ ಅದಕ್ಕೂ ಸಂಬಂಧವಿರಕೂಡದು.

ಇನ್ನು ನೀವು, ಈ ಪತ್ರಿಕೆಯನ್ನು ಓದುವ ತರುಣರು, ಏನು ಮಾಡಬಹುದು? ಗೆಳೆಯನೊಬ್ಬ ಎರಡು ವಾರಗಳಿಂದ ಊಟದ ಮನೆಗೆ ಬರುತ್ತಿಲ್ಲವೆಂದರೆ, "ಧೈರ್ಯ ತಂದುಕೊ" ಎಂಬ ಉಪದೇಶವನ್ನು ದಯವಿಟ್ಟು ಉಳಿಸಿಕೊಳ್ಳಿ. ಧೈರ್ಯವೆಂಬುದು ಅಂಗಡಿಯಲ್ಲಿ ಸಿಗುವುದಾದರೆ ಅವನು ಎಂದೋ ತಂದಿರುತ್ತಿದ್ದ. ಮೊದಲನೆಯ ಭೇಟಿಗೆ ಅವನ ಜೊತೆಯಲ್ಲಿ ಹೋಗಿ. ಚೀಟಿಯ ಸಾಲಿನಲ್ಲಿ ನೀವು ನಿಲ್ಲಿ. ಅವನು ಒಳಗಿರುವಾಗ ಹೊರಗೆ ಕಾದಿರಿ. ಒಳಗೆ ಏನು ಮಾತಾಯಿತೆಂದು ಕೇಳಬೇಡಿ, ಮುಂದಿನ ದಿನ ಯಾವುದೆಂದು ಮಾತ್ರ ಕೇಳಿ, ಅದನ್ನು ನಿಮ್ಮ ಪುಸ್ತಕದಲ್ಲಿಯೂ ಬರೆದುಕೊಳ್ಳಿ. ಆ ದಿನ ಬೆಳಗ್ಗೆ "ಹೋಗುತ್ತೀಯಾ?" ಎಂದು ಕೇಳುವುದಕ್ಕಿಂತ "ಹತ್ತು ಗಂಟೆಗೆ ಬರುತ್ತೇನೆ, ದಾರಿಯಲ್ಲಿ ಕಾಫಿ ಕುಡಿದು ಹೋಗೋಣ" ಎನ್ನುವುದು ಮೇಲು, ನಿರ್ಧಾರ ಮಾಡುವ ಶಕ್ತಿಯೇ ಕುಂದಿರುವವನ ಮುಂದೆ ಪ್ರಶ್ನೆಗಳನ್ನು ಕಡಿಮೆ ಮಾಡಬೇಕು. ಅವನು ಒಂದು ಸಲ ತಪ್ಪಿಸಿದರೆ ಮುಖ ಸಿಂಡರಿಸಬೇಡಿ. ಮುಂದಿನ ದಿನವನ್ನು ಗೊತ್ತುಮಾಡಿ.

ಮಾತಿನ ನಡುವೆ ಅವನು ಸಾವಿನ ಪ್ರಸ್ತಾಪವನ್ನು ತಂದರೆ, ಅಥವಾ ತರಬಹುದೆಂದು ನಿಮಗೆ ತೋರಿದರೆ, ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಕೇಳಿದವರಿದ್ದಾರಲ್ಲ ಎಂದು ಅನೇಕರಿಗೆ ಹಗುರವೇ ಆಗುತ್ತದೆ. ಅಂಥ ಹೊತ್ತಿನಲ್ಲಿ ಅವನನ್ನು ಒಂಟಿಯಾಗಿ ಬಿಡಬೇಡಿ. ನಂಬಿಕೆಯ ಹಿರಿಯರೊಬ್ಬರನ್ನು ಕರೆಯಿರಿ, ಆಸ್ಪತ್ರೆಗೆ ಹೋಗಿ. ಗುಟ್ಟು ಕಾಪಾಡುವೆನೆಂದು ಮಾತು ಕೊಟ್ಟಿದ್ದರೂ ಇಲ್ಲಿ ಆ ಮಾತನ್ನು ಮುರಿಯಬೇಕು. ಭಾರತ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ ನಡೆಯುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ಕಾಯಿಲೆ ಬಿದ್ದವರಷ್ಟೇ ಅಲ್ಲ, ಅವರ ಜೊತೆಗಿದ್ದು ಏನು ಮಾಡಬೇಕೆಂದು ತೋಚದವರೂ ಅದಕ್ಕೆ ಕರೆ ಮಾಡಬಹುದು.